ತವರಿನ ಬಳುವಳಿ

"ಎಪ್ಪತ್ತು ವರ್ಷದಾಗೆ, ಮೊನ್ನೆ ನೀನು ರಕ್ತ ತೆಗೆಯೋವರೆಗೂ, ನನ್ನ ಮೈಗೆ ಒಂದು ಸೂಜಿನೂ ತಾಗಿರಲಿಲ್ಲ ಕಣವ್ವಾ. ನನ್ನ ಕಂಡ್ರೆ ಡಾಕ್ಟ್ರೇ ಓಡೋಗ್ತಿದ್ರು!" ಬಸವಾಪಟ್ಟಣದ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಸಾವಂತ್ರಮ್ಮ ಕೊಚ್ಚಿಕೊಂಡಳು. ನರ್ಸ್ ಅಂಬಿಕಾ ಅವಳ ಮುಂಗೈ ನೋಡಿದಳು. "ಹೋಗ್ಲಿ, ಅರ್ಧ ಸುಳ್ಳು," ಎಂದು ಮುದುಕಿ ಮುಂಗೈಯ ಹಸಿರು ಹಚ್ಚೆ ತೋರಿಸಿದಳು. "ಇದರ ಸೂಜಿ ತಾಗೈತೆ. ನನ್ನ ತವರು ಬಿಳಿಚೋಡಿನಾಗೆ, ಮದುವೆಗೆ ಮುಂಚೆ."

"ನಾನು ಕೇಳ್ತಿದ್ದುದು ಅದನ್ನೇ ಅಜ್ಜಿ."

ಸಾವಂತ್ರಮ್ಮನ ರಕ್ತದಲ್ಲಿ ಹೆಪಟೈಟಿಸ್ ಸಿ ಸಿಕ್ಕಿತ್ತು. ರಕ್ತ ಅಂಟಿದ ಸೂಜಿಯಿಂದ ಹರಡಿ, ಲಿವರನ್ನು ಸದ್ದಿಲ್ಲದೆ ತಿನ್ನುವ ವೈರಸ್ಸು. ದೊಡ್ಡ ಲ್ಯಾಬಿನವರು ಅದರ ವಂಶವನ್ನೂ ಜಾಲಾಡಿದ್ದರು. ಅಂಬಿಕಾ ಬಿಡಿಸಿ ಹೇಳಿದಳು: "ಇದು ಮೈಯಿಂದ ಮೈಗೆ ಹೋಗ್ತಾ ಒಂಚೂರು ಬದಲಾಗುತ್ತೆ. ಜಗಳೂರು ಮಾತು ಹೊನ್ನಾಳಿಗೆ ಬರೋವಷ್ಟರಲ್ಲಿ ರಾಗ ಬದಲಾಗಲ್ವಾ, ಹಂಗೆ. ಆದ್ರೂ ಮೂಲ ತಿಳಿಯುತ್ತೆ. ನಿಮ್ಮದು ಈ ಕಡೇದಲ್ಲ, ಬಿಳಿಚೋಡು ಕಡೆ ರೋಗಿಗಳಲ್ಲಿ ಸಿಕ್ಕಿದ್ದಕ್ಕೆ ಹೊಂದುತ್ತೆ."

"ಅದೂ ತವರಿನ ಬಳುವಳಿನಾ! ಕೊಟ್ಟ ಹಸು ಸತ್ತೋತು, ಹಿತ್ತಾಳೆ ಕೊಡ ತೂತಾತು. ಇದೊಂದು ಗಟ್ಟಿ ಮಾಲು ನೋಡು."

"ಅದೇ ಸೂಜೀಲಿ ಮತ್ಯಾರಿಗೆ ಚುಚ್ಚಿದ್ರು?"

ಮುದುಕಿಯ ನಗು ನಿಂತಿತು. "ನನ್ನ ತಂಗಿ ನಿರ್ಮಲಿಗೆ. ಹೊನ್ನಾಳಿಗೆ ಕೊಟ್ಟೈತೆ. ಈಗ ಹೊಟ್ಟೆ ಉಬ್ಬೈತಂತೆ, ಆಸ್ಪತ್ರೆಗೆ ಹೋಗಾಕೆ ಒಲ್ಲೆ ಅಂತಾಳಂತೆ."

"ಫೋನ್ ಮಾಡಿ ಅಜ್ಜಿ. ಮಾತ್ರೆ ನುಂಗಿದ್ರೆ ಹೋಗೋ ಕಾಯಿಲೆ. ಬಿಟ್ರೆ ಜೀವಕ್ಕೇ ಕುತ್ತು."

"ಮಾತು ಬಿಟ್ಟು ಯಾವ ಕಾಲ ಆತು! ಅವಳ ಮಗಳ ಮದುವೆಗೆ ಕರೆಯಾಕೆ ನನ್ನ ಬಾಗಿಲಿಗೆ ಬರಲಿಲ್ಲ, ಫೋನಾಗೆ ಕರೆದ್ಲು. ಗಂಡ ಸತ್ತೋಳ ಮನೆ ಅಂತ. ಫೋನಾಗೆ ಕರೆದಿದ್ದಕ್ಕೆ ನಾನೇ ಹೋಗಲಿಲ್ಲ, ಈಗ ಫೋನ್ ಮಾಡಿದ್ರೆ ಅವಳು ಬರ್ತಾಳಾ?" ಸಾವಂತ್ರಮ್ಮ ಸೆರಗು ಸೊಂಟಕ್ಕೆ ಸಿಗಿಸಿ ಎದ್ದಳು. "ಹೊನ್ನಾಳಿ ಬಸ್ಸು ಎಷ್ಟೊತ್ತಿಗೈತೆ?"

ಮರುದಿನ ಅವಳು ಆಸ್ಪತ್ರೆಗೆ ಬಂದಾಗ ಅಂಬಿಕಾ ಬಾಗಿಲಲ್ಲೇ ತಡೆದಳು. "ತಂಗಿ ಮನೆಯೊಳಗೆ ಕರೆದ್ರಾ?"

"ಕರೀದೆ ಏನು? ನಾನು ಕೂಗಿದ ಕೂಗಿಗೆ ಹೊಳೆ ಆಚೆಯ ಬಾಗಿಲೂ ತೆರಕಂಡ್ವು!"

"ರಕ್ತ ಪರೀಕ್ಷೆಗೆ ಒಪ್ಪಿದ್ರಾ?"

ಸಾವಂತ್ರಮ್ಮ ಎಲೆಅಡಿಕೆ ಚೀಲ ಬಿಚ್ಚಿ, ಹೆಂಗಸರಿಗೆ ಕೊಡುವ ಫ್ರೀ ಬಸ್ ಟಿಕೆಟ್‌ಗಳನ್ನು ಬಾಗಿಲ ಪಕ್ಕದ ಮೇಜಿನ ಮೇಲೆ ಹರಡಿದಳು. ಹೋಗುವಾಗಿನದು ಒಂದು. ಬರುವಾಗಿನವು ಎರಡು.

"ಕೂಗಿ ಕೂಗಿ ನನ್ನ ಗಂಟ್ಲು ಹೋಗೈತೆ. ಹೊರಗೆ ಬೆಂಚಿನ ಮ್ಯಾಲೆ ಕುಂತಾಳೆ, ಉಳಿದಿದ್ದು ಅವಳಿಗೆ ನೀನೇ ಹೇಳವ್ವಾ."