ಶುಕ್ರವಾರ ಬಂದವನು

ಕಂಕುಳಲ್ಲಿ ಹುಂಜ ಇರುಕಿಕೊಂಡಿದ್ದ ಆ ಗಂಡಸು ಎರಡನೇ ಸಲ ಮನೆಯ ಮುಂದೆ ಹಾದುಹೋದಾಗ ಮಿಯೆನ್ ಕೆಲಸ ಬಿಟ್ಟು ಬಾಗಿಲಿಗೆ ಬಂದಳು. ಮೂರನೇ ಸಲ ಅವನು ನಿಂತೇಬಿಟ್ಟ.

“ಕುಡಿಯೋಕೆ ಒಂದಿಷ್ಟು ಚಹಾ ಸಿಗುತ್ತಾ ಅಕ್ಕಾ?”

ಬೇಹುಗಾರನೇ, ಅನುಮಾನವಿಲ್ಲ. ಹುಂಜ ಕಾದಿಸುವವನು ಸಂತೆಯ ಕಡೆ ಹೋಗಬೇಕು. ಕೆರೆ ಹಿಂದಿನ ಈ ಓಣಿಯಲ್ಲಿ ಅವನಿಗೇನು ಕೆಲಸ? ಕ್ರೈಸ್ತರನ್ನು ಹಿಡಿದು ಕೊಡಿ ಎಂದು ಅರಸನ ಅಪ್ಪಣೆ ಹೊರಟ ಮೇಲೆ ಇಂಥವರು ಊರೂರು ಸುತ್ತುತ್ತಿದ್ದರು. ಸಾಯುವವರ ಮನೆಗೆ ಪಾದ್ರಿ ಬಂದೇ ಬರುತ್ತಾನೆಂದು ಅವರಿಗೆ ಗೊತ್ತು.

ಮಿಯೆನ್‌ಳ ಮನೆಯಲ್ಲಿ ಸಾಯುವವನಿದ್ದ. ಒಳಗೆ, ಭತ್ತದ ಕಣಜದ ಹಿಂದೆ, ಅವಳ ಗಂಡ ತ್ವಾತ್. ಇಂದೋ ನಾಳೆಯೋ ಎಂಬಂತಿದ್ದ. ಊರ ಬಾಗಿಲಲ್ಲಿ ಪಹರೆಯವರು ನೆಲದ ಮೇಲೆ ಶಿಲುಬೆ ಹಾಸಿದ್ದರು. ತುಳಿದವನು ಮನೆಗೆ, ತುಳಿಯದವನು ಕತ್ತಿಗೆ. ಕಳೆದ ಸುಗ್ಗಿಯಲ್ಲಿ ಊರಿನ ಉಪದೇಶಿ ತುಳಿಯಲಿಲ್ಲ. ಅವನ ರಕ್ತವನ್ನು ಜನ ಬಟ್ಟೆಯಲ್ಲಿ ಅದ್ದಿಕೊಂಡು ಹೋದರು, ಸಂತನೆಂದು ಕದ್ದುಮುಚ್ಚಿ ಕೈಮುಗಿದರು. ಅವನ ಬೆನ್ನ ಹಿಂದೆಯೇ ನಿಂತಿದ್ದ ತ್ವಾತ್ ತುಳಿದು ದಾಟಿದ. ಅಂದಿನಿಂದ ಅವನಿಗೆ ಅನ್ನ ಸೇರಲಿಲ್ಲ.

“ಪಾದ್ರಿಗಳನ್ನ ಕರೆಸು,” ಎನ್ನುತ್ತಿದ್ದ. “ತಪ್ಪು ಹೇಳ್ಕೊಳ್ದೆ ಸತ್ರೆ ನನಗೆ ಗತಿಯಿಲ್ಲ.”

ಹೊಳೆಯಾಚೆ ಅಡಗಿದ್ದ ಮುದಿ ಪಾದ್ರಿ ಖಾಮ್ ಅವರನ್ನು ಕರೆತರಲು ಗಂಡನ ಅಣ್ಣನ ಮಗ ಕ್ವೀ ಹೋಗಿದ್ದ. ಊರ ಬಾಗಿಲು ತಪ್ಪಿಸಿ, ಹಿಂದಿನ ಬಿದಿರು ಮೆಳೆಯ ಕಾಲುದಾರಿಯಲ್ಲಿ ಅವರು ಯಾವ ಗಳಿಗೆಯಲ್ಲಾದರೂ ಬಂದಾರು.

“ಬಾ ತಮ್ಮಾ, ಕೂತ್ಕೋ,” ಎಂದಳು ಮಿಯೆನ್. ಬೇಡವೆಂದರೆ ಅನುಮಾನ ಹೆಚ್ಚುತ್ತಿತ್ತು.

ಅವನು ಚಾಪೆಯ ಮೇಲೆ ಕೂತು ಸುತ್ತಲೂ ಕಣ್ಣಾಡಿಸಿದ. ಗೋಡೆಯ ಬಳಿ ಗತಿಸಿದ ಹಿರಿಯರನ್ನು ಪೂಜಿಸುವ ಪೀಠವಿತ್ತು. ಕ್ರೈಸ್ತರ ಮನೆಯಲ್ಲಿ ಅದು ಇರುವುದಿಲ್ಲ, ಅದಕ್ಕೇ ಅವಳು ಬೇಕೆಂದೇ ಇಟ್ಟಿದ್ದಳು. ಅವನು ನೋಡಲೆಂದು ಊದುಬತ್ತಿ ಹಚ್ಚಿದಳು.

ಒಳಗಿನಿಂದ ಕೆಮ್ಮು ಕೇಳಿಸಿತು.

“ಯಾರಿಗಾದ್ರೂ ಹುಷಾರಿಲ್ವಾ ಅಕ್ಕಾ?”

“ಯಾರಿಗೂ ಏನೂ ಆಗಿಲ್ಲ. ನಮ್ಮತ್ತೆ. ಹೊಗೆ ತಾಗಿದ್ರೆ ಕೆಮ್ತಾರೆ.”

“ಗಂಡಸಿನ ಕೆಮ್ಮು ಇದ್ದಂಗಿತ್ತು.”

“ಹಂಗಾದ್ರೆ ನಿನ್ನ ಹುಂಜ ಕೆಮ್ಮಿರ್ಬೇಕು ನೋಡು.”

ಅವನು ನಗಲಿಲ್ಲ. ಕಣಜದ ಕಡೆಯೇ ನೋಡುತ್ತಿದ್ದ.

ಆಗ ಅವಳಿಗೆ ಹಂದಿಮಾಂಸ ನೆನಪಾಯಿತು. ಪಕ್ಕದ ಮನೆಯವರು ಹಿರಿಯರ ತಿಥಿಯ ಊಟದಿಂದ ಒಂದು ಬಟ್ಟಲು ಕಳಿಸಿದ್ದರು. ಅಂದು ಶುಕ್ರವಾರ. ವಾರದ ಲೆಕ್ಕ ಇಟ್ಟುಕೊಳ್ಳುವವರು ಆ ಊರಲ್ಲಿ ಕ್ರೈಸ್ತರು ಮಾತ್ರ, ಶುಕ್ರವಾರ ಮಾಂಸ ಮುಟ್ಟದವರೂ ಅವರೇ. ಈಗೀಗ ಬೇಹುಗಾರರೂ ಆ ಲೆಕ್ಕ ಕಲಿತಿದ್ದರು. ಅವಳು ಅನ್ನದ ಜೊತೆ ಬಟ್ಟಲನ್ನು ತಂದು ಅವನ ಮುಂದಿಟ್ಟಳು.

ಅವನು ಊಟದ ಕಡ್ಡಿ ಎತ್ತಿಕೊಂಡ, ಆದರೆ ತಿನ್ನಲಿಲ್ಲ.

“ನೀವು ತಿನ್ನಲ್ವಾ ಅಕ್ಕಾ?”

ವಿಷ ಹಾಕಿದ್ದೇನೆಂದುಕೊಂಡಿದ್ದಾನೆ, ಇಲ್ಲವೇ ಪರೀಕ್ಷೆ ಮಾಡುತ್ತಿದ್ದಾನೆ. ಎರಡಕ್ಕೂ ಉತ್ತರ ಒಂದೇ. ಮಿಯೆನ್ ದೊಡ್ಡ ತುಂಡನ್ನೇ ಆರಿಸಿ ಬಾಯಿಗಿಟ್ಟಳು. ಹುಟ್ಟಿದಾಗಿನಿಂದ ಮಾಡದ ಪಾಪ ಅದು. ಅಗಿದಳು, ನುಂಗಿದಳು, ಬೆರಳನ್ನೂ ಚೀಪಿದಳು.

ಅವನ ಮುಖ ಇಳಿದುಹೋಯಿತು. ಬೇಟೆ ತಪ್ಪಿತಲ್ಲ ಎಂದು ಅವಳು ಒಳಗೊಳಗೇ ಹಿಗ್ಗಿದಳು. ಅವನೂ ತಲೆ ತಗ್ಗಿಸಿ ಎರಡು ತುಂಡು ತಿಂದ. ಬೇಗಬೇಗನೆ ನುಂಗಿ ಎದ್ದು ನಿಂತ.

“ದಾರಿ ತಪ್ಪಿ ಬಂದೆ ಅನ್ಸುತ್ತೆ. ಬಂದ ದಾರೀಲೇ ವಾಪಸ್ ಹೋಗ್ತೀನಿ. ಆ ಬಿದಿರು ಮೆಳೆ ಕಡೆಯಿಂದ.”

ಮೆಳೆಯ ದಾರಿಯಲ್ಲಿ ಹೋದರೆ ಇವನು ಪಾದ್ರಿಗಳಿಗೆ ನೇರವಾಗಿ ಎದುರಾಗುತ್ತಾನೆ. ಅಷ್ಟರಲ್ಲಿ ಪಕ್ಕದ ಮನೆಯ ಲುಕ್, ಪಹರೆಯವರಿಗೆ ಬುತ್ತಿ ಹೊತ್ತುಕೊಂಡು ಓಣಿಯಲ್ಲಿ ಬಂದ. ದೇವರೇ ಕಳಿಸಿದ ಹಾಗಿತ್ತು.

“ಲುಕ್ ಅಣ್ಣಾ, ಈ ತಮ್ಮನಿಗೆ ಊರ ಬಾಗಿಲು ತೋರಿಸ್ತೀಯಾ? ಮೆಳೇಲಿ ಹಾವು ಜಾಸ್ತಿ ಆಗಿದೆ, ಪಾಪ, ಊರಿಗೆ ಹೊಸಬ.”

“ಬಾರಯ್ಯಾ,” ಎಂದು ಲುಕ್ ಅವನ ಹೆಗಲ ಮೇಲೆ ಕೈಹಾಕಿದ. “ಪಹರೆಯೋರಿಗೆ ಹುಂಜ ಅಂದ್ರೆ ಪ್ರಾಣ. ನಿನ್ನನ್ನ ಸುಮ್ನೆ ಬಿಡಲ್ಲ.”

“ಬೇರೆ ದಾರಿ ಇಲ್ವಾ ಅಕ್ಕಾ?”

“ಇಲ್ಲ,” ಎಂದಳು ಮಿಯೆನ್.

ಅವನು ಒಂದು ಕ್ಷಣ ಅವಳನ್ನೇ ನೋಡಿದ. ಆಮೇಲೆ ಲುಕ್‌ನ ಜೊತೆ ಮೆಲ್ಲಗೆ ನಡೆದ. ಬೇಹುಗಾರನ ಕಾಲಿಗೆ ಶಿಲುಬೆ ಏನು ಲೆಕ್ಕ, ದಾಟಿಕೊಂಡು ಹೋಗಲಿ ಪೀಡೆ, ಎಂದುಕೊಂಡು ಅವಳು ಬಾಗಿಲು ಹಾಕಿದಳು. ಕಣಜದ ಹಿಂದೆ ಹೋಗಿ ಗಂಡನ ಹಣೆ ಒರೆಸಿದಳು. “ಹೋದ,” ಎಂದು ಪಿಸುಗುಟ್ಟಿದಳು. “ಇನ್ನು ಭಯವಿಲ್ಲ. ಪಾದ್ರಿಗಳು ಬರೋವರೆಗೂ ಉಸಿರು ಹಿಡ್ಕೊಂಡಿರಿ.”

ಸ್ವಲ್ಪ ಹೊತ್ತಿಗೆ ಊರ ಬಾಗಿಲ ಕಡೆಯಿಂದ ನಗಾರಿ, ಗದ್ದಲ ಕೇಳಿಸಿತು. ಹುಂಜ ಕಾದಿಸಲು ಶುರು ಮಾಡಿದರೇನೋ ಎಂದುಕೊಂಡಳು.

ಹಿತ್ತಿಲ ಬಾಗಿಲು ಸರಿಯಿತು. ಕ್ವೀ ಒಬ್ಬನೇ ಬಂದಿದ್ದ. ಮೊಣಕಾಲವರೆಗೆ ಕೆಸರು, ಮುಖದಲ್ಲಿ ಮಾತ್ರ ಸಮಾಧಾನ.

“ಪಾದ್ರಿಗಳೆಲ್ಲಿ?”

“ಖಾಮ್ ಪಾದ್ರಿಗಳು ಹೋದ ವಾರ ತೀರಿಕೊಂಡ್ರು ಚಿಕ್ಕಮ್ಮ. ಅವರ ಜಾಗಕ್ಕೆ ಬಂದಿರೋ ಕಿರಿಯವರನ್ನ ಕರ್ಕೊಂಡು ಬಂದೆ. ಜೊತೇಲಿ ಬಂದ್ರೆ ಯಾರಾದ್ರೂ ನೋಡ್ತಾರೆ ಅಂತ ಕೈಗೊಂದು ಹುಂಜ ಕೊಟ್ಟು ಮುಂದೆ ಕಳಿಸಿದ್ದೆ. ಚಿಕ್ಕಪ್ಪನ ಹತ್ರ ಕೂತಿದಾರಾ?”