ಹಿಂದಿನ ಸೀಟಿನ ಮಾತು

"ಅವಳು ನೀರು ಕೇಳಿದ್ದು ಯಾವಾಗ?"

ಭಾಷಣ ಮುಗಿಸಿ ವೇದಿಕೆಯ ಹಿಂದಿನ ಕೋಣೆಗೆ ಬಂದು ಕೂತವಳ ಎದುರಿಗೆ ನಿಂತು ಗಂಡ ಕೇಳಿದ. ಹೊರಗೆ ಚಪ್ಪಾಳೆ ಇನ್ನೂ ಪೂರ್ತಿ ನಿಂತಿರಲಿಲ್ಲ. ಮಗಳ ಸಾವಿನ ಬಗ್ಗೆ ಅವಳು ಬರೆದ ಪುಸ್ತಕ ಬಂದು ಮೂರು ವರ್ಷ. ಆರೋಗ್ಯ ಎಲ್ಲರ ಹಕ್ಕು ಎನ್ನುವವರು ಎಲ್ಲಿ ಸಭೆ ಸೇರಿದರೂ ಅವಳಿಗೆ ಕರೆ ಬರುತ್ತಿತ್ತು, ಅವಳು ಹೋಗುತ್ತಿದ್ದಳು. ಗಂಡ ಒಂದಕ್ಕೂ ಬಂದವನಲ್ಲ. ಇವತ್ತು ಅವರದೇ ಊರಿನ ವೈದ್ಯಕೀಯ ಕಾಲೇಜಿನಲ್ಲಿ ಸಭೆ; ಗ್ಯಾರೇಜಿಗೆ ರಜೆ ಹಾಕಿ, ಉಗುರಿನ ಸಂದಿಯ ಮಸಿಯನ್ನು ಉಜ್ಜಿ ಉಜ್ಜಿ ತೊಳೆದುಕೊಂಡು ಬಂದು, ಕೊನೆಯ ಸಾಲಿನಲ್ಲಿ ಕೂತು ಕೇಳಿದ್ದ.

"ಮೂರನೇ ಆಸ್ಪತ್ರೆ ಹತ್ರ," ಎಂದಳು. "ವಾಚ್‌ಮನ್ ಗೇಟು ತೆಗೆಯಲ್ಲ ಅಂತ ಹಟ ಹಿಡಿದಿದ್ನಲ್ಲ, ಆಗ."

"ಯಾರಿಗೆ ಕೇಳಿಸ್ತು?"

ಅವಳು ಬಾಯಿ ತೆರೆಯುವಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಸಂಘಟಕಿ ಬಂದಳು. ಅತ್ತು ಮೂಗು ಕೆಂಪಾಗಿತ್ತು. "ಮೇಡಂ, ಇಡೀ ಹಾಲೇ ಅಳ್ತಾ ಇತ್ತು! ಮುಂದಿನ ತಿಂಗಳು ನರ್ಸ್‌ಗಳ ಸಮ್ಮೇಳನ ಇದೆ, ನೀವೇ ಬರ್ಬೇಕು. ಇಲ್ಲ ಅನ್ನೋ ಮಾತೇ ಬೇಡ." ಫೋನನ್ನು ಮುಂದೆ ಹಿಡಿದಳು. ಆಹ್ವಾನ ಪತ್ರಿಕೆಯ ಕರಡು ಆಗಲೇ ಸಿದ್ಧವಾಗಿತ್ತು. ವಿಶೇಷ ಉಪನ್ಯಾಸ: 'ನೀರು ಕೇಳಿದ ಮಗು'. "ಹೆಸರು ನಾನೇ ಇಟ್ಟೆ. ಬೇರೇನು ಬಿಟ್ರೂ ಆ ಭಾಗ ಮಾತ್ರ ಬಿಡ್ಬೇಡಿ ಮೇಡಂ." ಆಮೇಲೆ ಪಕ್ಕದಲ್ಲಿದ್ದವನನ್ನು ಕಂಡಳು. "ಇವ್ರು?"

"ಮಗೂ ಅಪ್ಪ," ಅಂದ ಅವನು.

"ಅಯ್ಯೋ... ಸರ್... ಕಾಫಿ ಕಳಿಸ್ತೀನಿ," ಎಂದು ಸಂಘಟಕಿ ಹೊರಟೇ ಹೋದಳು.

ಗಂಡ ಬಾಗಿಲು ಮುಂದೆ ಮಾಡಿದ. "ನಿನ್ನ ಪುಸ್ತಕ ಎರಡು ಸಲ ಓದಿದೀನಿ. ಅದರಲ್ಲಿ ನೀರಿನ ಸುದ್ದಿ ಇಲ್ಲ."

ಇರಲಿಲ್ಲ. ನಡೆದದ್ದಷ್ಟನ್ನೇ ಅವಳು ಬರೆದಿದ್ದಳು. ಒಂದು ಭಾನುವಾರ, ಉಬ್ಬಸ ಬಂದು ಒದ್ದಾಡುತ್ತಿದ್ದ ಹನ್ನೊಂದು ವರ್ಷದ ಮಗಳು. ಮೊದಲ ಆಸ್ಪತ್ರೆಯಲ್ಲಿ ಡಾಕ್ಟರಿಲ್ಲ, ಎರಡನೆಯದರಲ್ಲಿ ಹಾಸಿಗೆಯಿಲ್ಲ, ಅಲ್ಲಿಂದ ಚೀಟಿ ತರಲಿಲ್ಲವೆಂದು ಮೂರನೆಯದರಲ್ಲಿ ಗೇಟೇ ತೆರೆಯಲಿಲ್ಲ. ಪಕ್ಕದ ಮನೆಯವರ ಕಾರಿನಲ್ಲಿ ಮುಂದಿನ ಸೀಟಿನಲ್ಲಿ ಕೂತು ಅವಳು ಕಂಡಕಂಡವರಿಗೆಲ್ಲ ಫೋನು ಮಾಡುತ್ತಿದ್ದಳು. ಮಗಳು ಹಿಂದೆ, ಅಪ್ಪನ ತೊಡೆಯ ಮೇಲೆ. ಕೊನೆಗೆ ಮಗಳು ಏನೆಂದಳೋ ತನಗೆ ಕೇಳಿಸಲಿಲ್ಲ ಎಂದೇ ಪುಸ್ತಕದಲ್ಲಿತ್ತು. ಕೇಳಿಸಿಕೊಂಡವನು ಅದೇ ಮನೆಯಲ್ಲಿ, ಅದೇ ಹಾಸಿಗೆಯ ಇನ್ನೊಂದು ಅಂಚಿನಲ್ಲಿದ್ದ. ಆದರೆ ಆ ಭಾನುವಾರದ ಬಗ್ಗೆ ಅವರಿಬ್ಬರೂ ಮನೆಯಲ್ಲಿ ತುಟಿ ಬಿಚ್ಚಿದ್ದೇ ಇಲ್ಲ.

ಐದನೆಯದೋ ಆರನೆಯದೋ ಸಭೆಯಲ್ಲಿ ಯಾರೋ ಎದ್ದು ನಿಂತು, "ಮಗು ಕೊನೆಗೆ ಏನಾದ್ರೂ ಹೇಳ್ತಾ?" ಎಂದು ಕೇಳಿದ್ದರು. ಮುನ್ನೂರು ಮುಖಗಳು ಅವಳನ್ನೇ ನೋಡುತ್ತಿದ್ದವು. ಗೊತ್ತಿಲ್ಲ ಎಂದು ಹೆತ್ತ ತಾಯಿ ಯಾವ ಬಾಯಲ್ಲಿ ಹೇಳಬೇಕು? "ನೀರು ಕೇಳಿದಳು" ಅಂದುಬಿಟ್ಟಳು. ಮುಂದಿನ ಸಭೆಯಲ್ಲಿ ಆ ಮಾತು ಯಾರೂ ಕೇಳದೆಯೇ ಬಂತು. ಹತ್ತನೆಯದರ ಹೊತ್ತಿಗೆ ಒಣಗಿದ ತುಟಿಗಳು ಅವಳ ಕಣ್ಣಿಗೇ ಕಟ್ಟತೊಡಗಿದವು. ಈಗ ಮಗಳ ಮುಖ ನೆನೆದುಕೊಂಡರೆ ಆ ತುಟಿಗಳೇ. ಉಳಿದದ್ದೆಲ್ಲ ಎಲ್ಲೋ ಮಾಸಿಹೋಗಿತ್ತು.

"ಬೇಕು ಅಂತ ಹೇಳಿದ್ದಲ್ಲ ರೀ," ಎಂದಳು. "ಈ ಮಾತಿನಿಂದಾನೇ ಎರಡು ಆಸ್ಪತ್ರೆಲಿ ಚೀಟಿ ಕೇಳೋದು ಬಿಟ್ಟಿದಾರೆ. ಗೇಟಿನ ಹತ್ರಾನೇ ಆಕ್ಸಿಜನ್ ಇಟ್ಟಿದಾರೆ."

"ಒಳ್ಳೇದೇ ಆಯ್ತು. ಬೇಡ ಅಂದ್ನಾ ನಾನು?" ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅವಳಿಗೆ ಹೆದರಿಕೆಯಾದದ್ದು ಅದಕ್ಕೇ. "ಆದ್ರೆ ಕುಳ್ಳಿ ನೀರು ಕೇಳ್ಲಿಲ್ಲ ಕಣೆ."

ಕುಳ್ಳಿ. ಮಗಳನ್ನು ಅವನು ಕರೆಯುತ್ತಿದ್ದದ್ದೇ ಹಾಗೆ. ಸಭೆಗಳಲ್ಲಿ ಅವಳು 'ನನ್ನ ಮಗು' ಎನ್ನುತ್ತಿದ್ದಳು. ಈ ಹೆಸರು ಕಿವಿಗೆ ಬಿದ್ದು ಎಷ್ಟು ಕಾಲವಾಯಿತೆಂದು ಲೆಕ್ಕ ಸಿಗಲಿಲ್ಲ.

"ಮತ್ತೇನಂದ್ಲು?"

ಅವನು ಕಿಟಕಿಯ ಕಡೆ ತಿರುಗಿದ. ನಗುವಿನಂಥದ್ದೊಂದು ಮುಖದ ಮೇಲೆ ಬಂದು ಅಲ್ಲೇ ಮಡಿಚಿಕೊಂಡಿತು. "ನನ್ನನ್ನ ಆಡಿಕೊಂಡ್ಲು. ಅಷ್ಟು ಉಸಿರು ಸಿಕ್ಕದಿದ್ರೂನು."

"ಏನಂತ?"

ಅವನು ಕಿಟಕಿಯ ಸರಳು ಹಿಡಿದು ಹೊರಗೇ ನೋಡುತ್ತಿದ್ದ.

"ರೀ, ನಾನು ಹೆತ್ತವಳು. ನಿಮ್ಮ ಕಾಲಿಗೆ ಬೀಳ್ತೀನಿ, ಹೇಳಿ."

"ನೀನು ಕೇಳ್ತೀಯ, ಕೇಳ್ತೀಯ ಅಂತ ಕಾದೆ," ಎಂದ ನಿಧಾನವಾಗಿ. "ನೀನು ಊರೋರಿಗೆಲ್ಲ ಹೇಳಿದೆ, ನನ್ನನ್ನ ಮಾತ್ರ ಕೇಳ್ಲಿಲ್ಲ. ಈಗ ಹೇಳಿದ್ರೆ ಮುಂದಿನ ತಿಂಗಳು ನರ್ಸ್‌ಗಳಿಗೆಲ್ಲ ಗೊತ್ತಾಗುತ್ತೆ. ನನ್ನ ಹತ್ರ ಇರೋದು ಅದೊಂದೇ."

"ಇಲ್ಲ. ಯಾರ ಹತ್ರಾನೂ ಹೇಳಲ್ಲ."

ಅವನು ತಿರುಗಿ ಅವಳ ಮುಖವನ್ನು ನೋಡಿದ. ನಂಬಬೇಕೆಂಬ ಆಸೆಯಿಂದಲೇ ನೋಡಿದ. ಇನ್ನೊಮ್ಮೆ ಆಣೆ ಮಾಡಿ ಹೇಳಲು ಅವಳು ಬಾಯಿ ತೆರೆದಳು. ಆದರೆ ತಾನಿನ್ನೂ ಕೇಳಿಯೇ ಇರದ ಆ ಒಂದು ಮಾತು ಭಾಷಣದಲ್ಲಿ ಎಲ್ಲಿ ಬಂದರೆ ಸರಿ, ಗೇಟಿಗೆ ಮೊದಲೋ ಗೇಟಾದ ಮೇಲೋ ಎಂದು ಅವಳ ಮನಸ್ಸು ಆಗಲೇ ಜಾಗ ಹುಡುಕುತ್ತಿತ್ತು.