ಇಲ್ಲದ ಬ್ರೇಕು

ಪಕ್ಕದ ಸೀಟಿನಲ್ಲಿ ಕೂತ ಡ್ರೈವಿಂಗ್ ಸ್ಕೂಲ್ ಮೇಷ್ಟ್ರ ಕಾಲಡಿ, ಸ್ಕೂಲಿನ ಕಾರಿನಲ್ಲಿದ್ದ ಹಾಗೆ, ಈ ಬಾಡಿಗೆ ಕಾರಿನಲ್ಲಿ ಬ್ರೇಕ್ ಇರಲಿಲ್ಲ. ಆದರೂ ಪ್ರವಾಸದ ಹಡಗಿನಿಂದ ಇಳಿದು ಹೆಂಡತಿ ಸ್ಟೇರಿಂಗ್ ಹಿಡಿದಾಗಿನಿಂದ ಅವರ ಬಲಗಾಲು ಬರೀ ಮ್ಯಾಟನ್ನು ತುಳಿಯುತ್ತಲೇ ಇತ್ತು.

“ತಿರುವು ಬಂತು, ಗೇರ್ ಇಳಿಸೇ!”

“ರೀ, ನಾನು ನಿಮ್ಮ ಶಿಷ್ಯೆ ಅಲ್ಲ. ಹಡಗಲ್ಲಿ ಲೈಫ್‌ಬೋಟಿನ ಹಗ್ಗ ಎಳೆದು ನೋಡ್ತಾ ತಿಮಿಂಗಿಲ ಕಳ್ಕೊಂಡ್ರಿ. ಈಗಲಾದ್ರೂ ಆ ಕಡೆ ನೋಡಿ, ಹಿಮದ ಗೋಡೆ! ಇದಕ್ಕೇ ಅಲ್ವಾ ಇಷ್ಟು ದೂರ ಬಂದಿದ್ದು?”

“ಮೊದಲು ಕನ್ನಡಿ ನೋಡು!”

ಅವಳು ಕಾರನ್ನು ಪಕ್ಕಕ್ಕೆ ಹಾಕಿದಳು. ಕೀ ಕಿತ್ತು ಅವರ ಮಡಿಲಿಗೆಸೆದು, ಇಳಿದು ದಡದಲ್ಲಿ ನಿಂತಳು. ಮನೆಯಷ್ಟು ದೊಡ್ಡ ಹಿಮದ ಹೋಳೊಂದು ಕಳಚಿ ಸಮುದ್ರಕ್ಕೆ ಬಿತ್ತು. ಹ್ಯಾಂಡ್‌ಬ್ರೇಕ್ ಎಳೆದಿದ್ದಾಳೋ ಇಲ್ಲವೋ ಎಂದು ಬಗ್ಗಿ ನೋಡುತ್ತಿದ್ದ ಮೇಷ್ಟ್ರು ತಲೆಯೆತ್ತುವಷ್ಟರಲ್ಲಿ ನೀರಷ್ಟೇ ಅಲುಗಾಡುತ್ತಿತ್ತು.

ಅವಳು ವಾಪಸ್ ಬಂದು ಹಿಂದಿನ ಸೀಟಿನಲ್ಲಿ ಕೂತು ಬಾಗಿಲು ಬಡಿದುಕೊಂಡಳು. ಈ ಪ್ರವಾಸದಲ್ಲಿ ಮೇಷ್ಟ್ರು ಕಳೆದುಕೊಂಡದ್ದು: ಒಂದು ತಿಮಿಂಗಿಲ, ಒಂದು ಹಿಮದ ಹೋಳು, ಒಬ್ಬ ಡ್ರೈವರ್.